ಥೀಸಿಸ್ಸಿನಲ್ಲಿ ಇಲ್ಲದ ಪ್ರಶ್ನೆ

"ನೀವ್ ಎಷ್ಟ್ ವರ್ಷದಿಂದ ಕ್ರಿಶ್ಚಿಯನ್ರ್?"

ಟೈಪ್‌ರೈಟರಿನ ಮೇಲೆ ಓಡುತ್ತಿದ್ದ ಸುಗುಣಳ ಬೆರಳುಗಳು ಗಕ್ಕನೆ ನಿಂತವು. ತಲೆ ಎತ್ತಿ ನೋಡಿದಳು. ಎದುರಿಗೆ ಒಬ್ಬ ತೆಳ್ಳನೆಯ ಯುವಕ. ಕಂಕುಳಲ್ಲಿ ಕಾಗದದ ಕಟ್ಟು, ಕೈಯಲ್ಲಿ ಕಪ್ಪು ರಟ್ಟಿನ ನೋಟುಬುಕ್ಕು, ಕಿವಿಯ ಮೇಲೆ ಪೆನ್ಸಿಲ್. ಹೆಸರಿಲ್ಲ, ಊರಿಲ್ಲ, ಒಂದು ನಮಸ್ಕಾರವೂ ಇಲ್ಲ. ಬಂದವನೇ ಪ್ರಶ್ನೆ ಕೇಳಿದ್ದ.

"ಹುಟ್ಟಿದಾಗಿಂದ," ಎಂದಳು ಸುಗುಣ. "ನೀವ್ ಎಷ್ಟ್ ವರ್ಷದಿಂದ ಗಂಡ್ಸ್?"

ಪಕ್ಕದ ಮೆಷಿನ್ನಿನ ಮುಂದಿದ್ದ ಗೆಳತಿ ವನಜ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಂದವನಿಗೆ ನಗು ಬರಲಿಲ್ಲ. ಅವನು ಪೆನ್ಸಿಲ್ ತೆಗೆದು ಆ ಉತ್ತರವನ್ನೂ ಬರೆದುಕೊಳ್ಳಲು ಹೊರಟಿದ್ದ!

"ಅಲ್ಲ... ನಿಮ್ಮ ಮನೆತನ ಕ್ರೈಸ್ತ ಸಭೆಗೆ ಸೇರಿ ಎಷ್ಟ್ ವರ್ಷ ಆಯ್ತ್ ಅಂದೇಳಿ ಕೇಂಡದ್ದ್. ಥೀಸಿಸ್ ಬರೀತಾ ಇದ್ದೆ. ಟೈಪ್ ಮಾಡಿ ಕೊಡ್ತ್ರಾ?"

ಪ್ರೇಮ ಹೀಗೂ ಶುರುವಾಗುತ್ತದೆಯೇ ಎಂದು ನೀವು ಕೇಳಬಹುದು. ಆಗುತ್ತದೆ ಮಾರಾಯ್ರೆ. ಕುಂದಾಪುರದ ಪೇಟೆಯಲ್ಲಿ, ಸಾವಿರದ ಒಂಬೈನೂರ ಐವತ್ತೆಂಟರಲ್ಲಿ, ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹೀಗೇ ಶುರುವಾಯಿತು.

ಅವನ ಹೆಸರು ಜೆರೋಮ್ ಫುರ್ಟಾಡೊ, ಊರು ಬ್ರಹ್ಮಾವರ. ಮದ್ರಾಸಿನ ಕಾಲೇಜೊಂದರಲ್ಲಿ ಧರ್ಮಗಳ ಬಗ್ಗೆ ಓದುತ್ತಿದ್ದ. ಗಂಗೊಳ್ಳಿಯಿಂದ ಬ್ರಹ್ಮಾವರದ ತನಕ ಇರುವ ಕ್ರೈಸ್ತರು ಹೇಗೆ ಪ್ರಾರ್ಥಿಸುತ್ತಾರೆ, ಹೇಗೆ ಉಪವಾಸ ಮಾಡುತ್ತಾರೆ, ಹೇಗೆ ಮದುವೆಯಾಗುತ್ತಾರೆ ಎಂದು ಮೂರು ವರ್ಷದಿಂದ ಮನೆಮನೆಗೆ ಹೋಗಿ ಕೇಳುತ್ತಿದ್ದ.

"ಅದ್ರಲ್ಲಿ ಕೇಂಬುಕೆ ಎಂತ ಇತ್ತ್? ಕ್ರಿಶ್ಚಿಯನ್ ಅಂದ್ರೆ ಕ್ರಿಶ್ಚಿಯನ್," ಎಂದಿದ್ದಳು ಸುಗುಣ.

"ನೀವ್ ಬಾಸೆಲ್ ಮಿಶನ್ನಿನವ್ರ್. ಕನ್ನಡದಲ್ಲಿ ಕೀರ್ತನೆ, ಹಾರ್ಮೋನಿಯಂ. ಗಂಗೊಳ್ಳಿಯವ್ರ್ ರೋಮನ್ ಕೆಥೋಲಿಕ್ರ್, ಕೊಂಕಣಿ ಜಪ. ನಾವ್ ಬ್ರಹ್ಮಾವರದ ಸಿರಿಯನ್ರ್. ಮನೇಲಿ ಕೊಂಕಣಿ, ಇಗರ್ಜಿಲಿ ಸಿರಿಯಾಕ್ ಪ್ರಾರ್ಥನೆ. ಇಥಿಯೋಪಿಯಾದಲ್ಲೂ ನಮ್ಮ ಪೈಕಿಯವ್ರ್ ಇದ್ರ್, ಅಲ್ಲಿ ಹಬ್ಬದ ದಿನ ಪಾದ್ರಿಗಳ್ ಡೋಲ್ ಬಡ್ದ್ ಕುಣೀತ್ರ್. ಗೊತ್ತಿತ್ತಾ?"

ಸುಗುಣಳಿಗೆ ತಲೆ ಗಿರ್ರೆಂದಿತು. ಪಾದ್ರಿ ಕುಣಿಯುವುದೆಂದರೇನು? ತಮ್ಮ ಸಭೆಯ ಪಾದ್ರಿ ಅಯ್ಯನವರು ಕೀರ್ತನೆಗೆ ತಾಳವನ್ನೂ ಹಾಕಿದವರಲ್ಲ. ಇವನು ಹೇಳುವುದೆಲ್ಲ ನಿಜವೋ, ತಮಾಷೆಯೋ?

ಆದರೂ ವಾರಕ್ಕೆರಡು ಸಲ ಅವನು ಬರುವ ಹೊತ್ತಿಗೆ ಅವಳ ಕಣ್ಣು ಬಾಗಿಲಿನ ಕಡೆ ಹೋಗತೊಡಗಿತು. ವನಜ ಅದನ್ನು ನೋಡಿಯೂ ನೋಡದ ಹಾಗೆ ಇದ್ದಳು. ಎರಡು ವಾರ ಅಷ್ಟೇ. ಮೂರನೆಯ ವಾರ ಬಾಯಿ ಬಿಟ್ಟಳು.

"ಹ್ವಾಯ್, ನಿನ್ ಸಿರಿಯಾ ದೇಶ ಬಂತ್ ಕಾಣ್."

ಕಷ್ಟವೆಂದರೆ ಅವನ ಪ್ರಶ್ನೆಗಳು. ಯಾವುದು ಥೀಸಿಸ್ಸಿಗೆ, ಯಾವುದು ತನಗೆ ಎಂದೇ ಸುಗುಣಳಿಗೆ ತಿಳಿಯುತ್ತಿರಲಿಲ್ಲ. ಒಂದು ದಿನ ಟೈಪಾದ ಹಾಳೆಗಳನ್ನು ಜೋಡಿಸುತ್ತಾ ಮದುವೆಯ ಬಗ್ಗೆ ಕೇಳಿದ್ದ.

"ಮದಿ ದಿನ ಬಿಳಿ ಸೀರ್ಯಾ, ಕೆಂಪಾ?"

"ನಮ್ಮಲ್ಲಿ ಬಿಳಿ."

"ನಿಮ್ಮಲ್ಲಿ ಅಲ್ಲ. ನಿಮ್ಗ್."

ಸುಗುಣಳ ಕಿವಿ ಬಿಸಿಯಾಯಿತು. ಅಮ್ಮ ತೀರಿಹೋದ ಮೇಲೆ ನಿನಗೇನು ಇಷ್ಟ ಎಂದು ಅವಳನ್ನು ಯಾರೂ ಕೇಳಿರಲಿಲ್ಲ.

"ಕೆಂಪ್," ಎಂದಳು ಮೆಲ್ಲಗೆ.

ಅವನು ನೋಟುಬುಕ್ಕು ತೆರೆದು ಬರೆದುಕೊಂಡ. ಅವಳ ಎದೆಯಲ್ಲಿ ಅರಳಿದ್ದು ಅಲ್ಲೇ ಬಾಡಿತು. ಓ... ಇದೂ ಥೀಸಿಸ್ಸಿಗೇ.

ಡಿಸೆಂಬರಿನಲ್ಲಿ ಐದನೆಯ ಅಧ್ಯಾಯ ತಂದುಕೊಟ್ಟ. ಅವತ್ತು ಅವನ ಮುಖ ಬೇರೆಯೇ ಇತ್ತು.

"ಇದೊಂದ್ ಸ್ವಲ್ಪ ಗಮನ ಕೊಟ್ಟ್ ಟೈಪ್ ಮಾಡಿ, ಅಕ್ಕಾ?" ಎಂದ. 'ಆಯಿತಾ' ಎನ್ನುವ ಆ ಕುಂದಾಪುರದ 'ಅಕ್ಕಾ'ದಲ್ಲಿ ಬೇಡಿಕೆಯೇ ಇತ್ತು.

ಗಮನ ಕೊಟ್ಟಳು. ಹೇಗೆ ಕೊಟ್ಟಳೆಂದರೆ, ಮೂವತ್ತು ಪುಟಗಳಲ್ಲಿ ಒಂದೇ ಒಂದು ಅಕ್ಷರ ತಪ್ಪಲಿಲ್ಲ. ಅವನು ಮತ್ತೆ ಬಂದಾಗ ಹೆಮ್ಮೆಯಿಂದ ಮುಂದಿಟ್ಟಳು.

"ಆಯ್ತಾ? ಎಲ್ಲ... ಕಂಡ್ರ್ಯಾ?" ಎಂದು ಕೇಳಿದ.

"ಎರಡೆರಡ್ ಸಲ ಕಂಡಿದೆ. ಒಂದ್ ತಪ್ಪೂ ಇಲ್ಲ."

ಅವನು ಕಾದ. ಅವಳೂ ಕಾದಳು. ಇಬ್ಬರೂ ಯಾವುದಕ್ಕೆ ಕಾಯುತ್ತಿದ್ದಾರೆಂದು ವನಜಳಿಗೂ ಅರ್ಥವಾಗಲಿಲ್ಲ. ಕೊನೆಗೆ ಅವನೇ ಮಾತು ತೆಗೆದ.

"ಜನವರಿ ಎರಡ್ನೇ ಭಾನುವಾರ ನಂಗೆ ಪಾದ್ರಿ ಪಟ್ಟ. ಅದ್ರ ಒಳ್ಗೆ... ನಿಮ್ಗ್ ಎಂತಾರೂ ಹೇಳುಕಿತ್ತಾ?"

ಪಾದ್ರಿ ಪಟ್ಟ! 'ಅದ್ರ ಒಳ್ಗೆ' ಎಂದದ್ದು ಸುಗುಣಳ ಕಿವಿಗೆ ಬೀಳಲೇ ಇಲ್ಲ. ತಮ್ಮ ಸಭೆಯ ಅಯ್ಯನವರಿಗೆ ಹೆಂಡತಿ, ಮಕ್ಕಳು ಇದ್ದಾರೆ ನಿಜ. ಆದರೆ ಇವನು ಧೂಪ ಹಾಕುವವರ ಪೈಕಿ, ಮರಿಯಮ್ಮನ ಪಟದ ಮುಂದೆ ಮೊಂಬತ್ತಿ ಹಚ್ಚುವವರ ಪೈಕಿ. ಗಂಗೊಳ್ಳಿಯ ರೋಮನ್ನರ ಹಾಗೆ. ಅವರಲ್ಲಿ ಪಾದ್ರಿಯಾದವನಿಗೆ ಹೆಂಡತಿಯೆಲ್ಲಿ?

ಮತ್ತೆ ಇಷ್ಟು ದಿನ ನನ್ನ ಕಣ್ಣು ನೋಡಿ ಮಾತಾಡಿದ್ದು? ಬಿಳಿಯೋ ಕೆಂಪೋ ಎಂದದ್ದು? ಎಲ್ಲ ಬರೆದುಕೊಳ್ಳಲಿಕ್ಕೆ ಮಾತ್ರವೇ?

"ಎಂತ ಇಲ್ಲ," ಎಂದಳು. ಸ್ವರ ಹೇಗೆ ಅಷ್ಟು ಗಟ್ಟಿಯಾಗಿ ಬಂತೋ ಅವಳಿಗೇ ಗೊತ್ತಿಲ್ಲ. "ಒಳ್ಳೇದಾಯ್ತ್. ದೇವ್ರ ಕೆಲ್ಸ ಅಲ್ದಾ?"

ಜೆರೋಮ್ ಹಾಳೆಗಳನ್ನು ಎತ್ತಿಕೊಂಡ.

"ಹೌದ್. ಹಾಂಗಾರೆ... ಬತ್ತೆ."

'ಬತ್ತೆ' ಎಂದು ಹೋದವನು ಆಮೇಲೆ ಬರಲಿಲ್ಲ.

ಕ್ರಿಸ್ಮಸ್ ಬಂತು, ಹೋಯಿತು. ಸಭೆಯಲ್ಲಿ ಕೀರ್ತನೆ ಹಾಡುವಾಗ ಸುಗುಣಳ ಸ್ವರ ಎರಡು ಸಲ ಜಾರಿತು. ಅವನ ಮೇಲೆ ಸಿಟ್ಟೋ, ತನ್ನ ಮೇಲೋ, ಇಥಿಯೋಪಿಯಾದ ಮೇಲೋ, ಒಂದೂ ತಿಳಿಯದೆ ಒದ್ದಾಡಿದಳು. ಪಾದ್ರಿಯಾಗುವವನನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಪಾಪವಲ್ಲವೇ? ಪಾಪವಾದರೆ ಅದು ತಮ್ಮ ಸಭೆಯ ಲೆಕ್ಕದಲ್ಲಿ ಪಾಪವೋ, ಅವರದ್ದರಲ್ಲೋ? ಅದನ್ನು ಕೇಳಬೇಕೆಂದರೂ ಕೇಳಬೇಕಾದವನು ಅವನೇ!

ಜನವರಿಯ ಆ ಎರಡನೆಯ ಭಾನುವಾರಕ್ಕೆ ಒಂದೇ ದಿನ ಉಳಿಯಿತು. ಶನಿವಾರ ಬೆಳಿಗ್ಗೆ ಇನ್‌ಸ್ಟಿಟ್ಯೂಟಿಗೆ ಬಂದವಳಿಗೆ ಇದ್ದಕ್ಕಿದ್ದ ಹಾಗೆ ಸಿಟ್ಟು ಏರಿತು. ನನ್ನ ಕೆಂಪು ಸೀರೆಯನ್ನು ಯಾವ ಪುಟದಲ್ಲಿ ಹಾಕಿದ್ದಾನೆ ನೋಡಿಯೇ ಬಿಡುತ್ತೇನೆ ಎಂದು ಕಪಾಟಿನಿಂದ ಥೀಸಿಸ್ಸಿನ ಕಾರ್ಬನ್ ಪ್ರತಿ ತೆಗೆದಳು.

ಇಲ್ಲೊಂದು ಮಾತು ಹೇಳಬೇಕು. ಟೈಪಿಂಗ್ ಕಲಿಸುವಾಗ ಮಾಸ್ಟ್ರು ಹೇಳುವ ಮೊದಲ ಪಾಠವೇ ಅದು: ಅರ್ಥ ನೋಡಬೇಡಿ, ಅಕ್ಷರ ನೋಡಿ. ಅರ್ಥ ಹುಡುಕಿದರೆ ಬೆರಳು ನಿಲ್ಲುತ್ತದೆ, ತಪ್ಪು ಬೀಳುತ್ತದೆ. ಸುಗುಣ ಆ ಇನ್‌ಸ್ಟಿಟ್ಯೂಟಿನ ಅತಿ ಒಳ್ಳೆಯ ಟೈಪಿಸ್ಟು. ಹಾಗಾಗಿ ಇನ್ನೂರು ಪುಟ ಟೈಪ್ ಮಾಡಿದವಳು ಅದರಲ್ಲಿ ಒಂದು ಪುಟವನ್ನೂ ಓದಿರಲಿಲ್ಲ.

ಈಗ ಮೊದಲ ಸಲ ಓದಿದಳು. ಮದುವೆಯ ಅಧ್ಯಾಯ ಪೂರ್ತಿ ಹುಡುಕಿದಳು. ಕೆಂಪು ಸೀರೆ ಇತ್ತು. ಅದು ಕೊಂಕಣಿ ಮನೆಗಳ ಪದ್ಧತಿ ಎಂದಿತ್ತು. ಬಿಳಿ ಸೀರೆಯೂ ಇತ್ತು. ಆದರೆ ಕುಂದಾಪುರದ ಬಾಸೆಲ್ ಮಿಶನ್ನಿನ ಒಬ್ಬಳು ಹುಡುಗಿಗೆ ಕೆಂಪು ಇಷ್ಟ ಎನ್ನುವ ಮಾತು ಎಲ್ಲೂ ಇರಲಿಲ್ಲ.

ಹಾಗಾದರೆ ಯಾಕೆ ಬರೆದುಕೊಂಡ?

ಮತ್ತೆ ಪುಟ ತಿರುವಿದಳು. ಅವನು ಗಮನ ಕೊಡಿ ಎಂದಿದ್ದ ಐದನೆಯ ಅಧ್ಯಾಯದ ನೂರ ಹನ್ನೆರಡನೆಯ ಪುಟ. ತಾನೇ ಟೈಪ್ ಮಾಡಿದ ಇಂಗ್ಲಿಷ್ ಸಾಲುಗಳನ್ನು ಬೆರಳಿಟ್ಟು ಓದಿದಳು.

'ಬ್ರಹ್ಮಾವರದ ಸಿರಿಯನ್ನರಲ್ಲಿ ಪಾದ್ರಿಗೆ ಹೆಂಡತಿ, ಮಕ್ಕಳು ಇರಬಹುದು. ಆದರೆ ಮದುವೆ ಪಟ್ಟಕ್ಕೆ ಮೊದಲೇ ಆಗಬೇಕು. ಒಂಟಿಯಾಗಿ ಪಟ್ಟ ಪಡೆದವನು ಕೊನೆಯವರೆಗೂ ಒಂಟಿ.'

ಸುಗುಣ ಆ ಸಾಲನ್ನು ಮೂರು ಸಲ ಓದಿದಳು.

"ವನಜಾ..." ಎಂದಳು ಪುಟ ತೋರಿಸಿ. "ಅವ್ರ್ ನನ್ನ ಕೇಂಡಿದ್ರ್. ಎಲ್ಲ ಬರ್ದ್ ಕೊಟ್ಟ್, ಕೇಂಡಿದ್ರ್. ನಾನ್ ಎಂತ ಇಲ್ಲ ಅಂದೆ."

"ಪಟ್ಟ ಯಾವತ್ತ್?"

"ನಾಳೆ."

"ಮತ್ತೆಂತ ಕಾಂತಾ ಕೂತಿದ್ದೆ? ಏಳ್," ಎಂದಳು ವನಜ.

ಅವಳು ಮೊದಲು ಹೋದದ್ದು ಅಪ್ಪಯ್ಯನ ಹತ್ತಿರ. ಅಪ್ಪಯ್ಯ ಹೊಳೆಬದಿಯ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಒಣಗಿಸಲು ಇಟ್ಟ ಹಸಿ ಹಂಚುಗಳ ಸಾಲಿನ ನಡುವೆ ನಿಂತು ಮಗಳ ಮಾತು ಪೂರ್ತಿ ಕೇಳಿದರು. ಕೈಗೆ ಅಂಟಿದ ಮಣ್ಣು ಉಜ್ಜಿಕೊಂಡರು. ಬೇಡ ಎಂದುಬಿಟ್ಟರೆ?

"ಅವ್ರಲ್ಲಿ ಹೆಂಗಸ್ರ್ ಹಾಡುಕೆ ಬಿಡ್ತ್ರಾ?" ಎಂದು ಕೇಳಿದರು ಅಪ್ಪಯ್ಯ.

"ಗೊತ್ತಿಲ್ಲ ಅಪ್ಪಯ್ಯ."

"ನಿನ್ನ ಅಮ್ಮ ಸಭೆಯಲ್ಲಿ ಹಾಡ್ತಿದ್ಲ್. ನಿಂದೂ ಅದೇ ಸ್ವರ. ಧೂಪ ಹಾಕ್ಲಿ, ದೀಪ ಹಚ್ಲಿ, ನಂಗೆ ಅದ್ರಲ್ಲಿ ಪೂರಾ ಮನ್ಸಿಲ್ಲ, ಸುಳ್ಳ್ ಹೇಳುದಿಲ್ಲ. ಆದ್ರೆ ಹಾಡುದ್ ನಿಲ್ಸ್ ಅಂದ್ರೆ ನಾನ್ ಕೊಡುದಿಲ್ಲ ಅಂದೇಳಿ ಹೇಳ್. ಹೋಯ್ ಕೇಂಡ್ಕಂಡ್ ಬಾ."

ಬಸ್ಸು ಮಾಬುಕಳದ ಹೊಳೆಯವರೆಗೆ ಮಾತ್ರ. ಅಲ್ಲಿಂದ ದೋಣಿ ದಾಟಬೇಕು. ದೋಣಿ ಆಚೆ ದಡದಲ್ಲಿತ್ತು. ಅದು ಈಚೆ ಬರುವ ತನಕ ಸುಗುಣ ದಡದ ಮೇಲೆ ನಿಂತಲ್ಲಿ ನಿಲ್ಲಲಿಲ್ಲ. ಒಂಟಿಯಾಗಿಯೇ ಇರುತ್ತೇನೆಂದು ಅವನು ಈಗಾಗಲೇ ಮಾತು ಕೊಟ್ಟಿದ್ದರೆ? ನಾನು ಹೋಗಿ ಏನು ಹೇಳುವುದು? ಟೈಪ್ ಮಾಡಿದ್ದನ್ನು ಓದಲಿಲ್ಲ ಎಂದರೆ ನಂಬುತ್ತಾರೆಯೇ? ನಾಚಿಕೆಯಿಲ್ಲದವಳು ಎಂದುಕೊಂಡರೆ? ತಿರುಗಿ ಹೋಗಿಬಿಡಲೇ ಎಂದೂ ಒಮ್ಮೆ ಅನಿಸಿತು. ಅಷ್ಟರಲ್ಲಿ ದೋಣಿ ಬಂತು.

ಬ್ರಹ್ಮಾವರದ ಇಗರ್ಜಿಯ ಅಂಗಳದಲ್ಲಿ ನಾಳೆಯ ತಯಾರಿ ನಡೆದಿತ್ತು. ಜೆರೋಮ್ ಏಣಿಯ ಮೇಲೆ ನಿಂತು ಬಾಗಿಲಿಗೆ ಮಾವಿನೆಲೆಯ ತೋರಣ ಕಟ್ಟುತ್ತಿದ್ದ. ಬಿಳಿ ನಿಲುವಂಗಿಯಲ್ಲಿ ಅವನನ್ನು ನೋಡಿದ್ದು ಅವಳಿಗೆ ಅದೇ ಮೊದಲು.

ಅವನೇ ನೋಡಿದ. ತೋರಣದ ತುದಿ ಕೈಯಿಂದ ಜಾರಿತು.

"ಸುಗುಣ? ನೀವ್ ಇಲ್ಲಿ...?"

"ನೂರ ಹನ್ನೆರಡ್ನೇ ಪುಟ," ಎಂದಳು ಸುಗುಣ. ದೋಣಿಯಲ್ಲಿ ಕೂತು ಜೋಡಿಸಿಟ್ಟ ಮಾತೆಲ್ಲ ಮರೆತೇ ಹೋಗಿತ್ತು.

"ತಪ್ಪಿತ್ತಾ?"

"ಇತ್ತ್. ನಂದ್. ನಾನ್ ಓದ್ಲೇ ಇಲ್ಲ. ಟೈಪ್ ಮಾಡ್ವತ್ತಿಗೆ ನಾವ್ ಅಕ್ಷರ ಮಾತ್ರ ಕಾಂಬುದ್. ಅರ್ಥ ಓದಿದ್ದ್ ಇವತ್ತ್ ಬೆಳಿಗ್ಗೆ."

ಜೆರೋಮ್ ಏಣಿ ಇಳಿದ.

"ಹಾಂಗಾರೆ ಅವತ್ತ್ ನೀವ್ ಎಂತ ಇಲ್ಲ ಅಂದದ್ದ್..."

"ಪಾದ್ರಿ ಅಂದ್ರೆ ಮದಿ ಇಲ್ಲ ಅಂದೇಳಿ. ಗಂಗೊಳ್ಳಿಯವ್ರ ಹಾಂಗೆ. ನಂಗೆ ಹ್ಯಾಂಗ್ ಗೊತ್ತಾತ್? ನೀವ್ ಬಾಯಿಬಿಟ್ಟ್ ಹೇಳಿದ್ರ್ಯಾ?" ಕೊನೆಗೆ ಅವಳಿಗೆ ಅಳು ತಡೆಯಲಾಗಲಿಲ್ಲ. "ಊರೆಲ್ಲ ಪ್ರಶ್ನೆ ಕೇಂತ್ರಿ. ನನ್ನ ಹತ್ರ ಒಂದ್ ಪ್ರಶ್ನೆ ಸರಿ ಮಾಡಿ ಕೇಂಬುಕೆ ಆಯ್ಲಿಲ್ಲ ನಿಮ್ಗ್."

ಅವನು ತಲೆ ತಗ್ಗಿಸಿದ.

"ಹೆದ್ರಿಕೆ ಆಯ್ತ್," ಎಂದ. "ನಿಮ್ಮ ಸಭೆಯವ್ರ್ ನಮ್ಮ ಧೂಪ ಕಂಡ್ರೆ ಮೂಗ್ ಮುಚ್ಕಣ್ತ್ರ್. ನೀವೂ ಹಾಂಗೇ ಅಂದ್ಕಂಡೆ. ಬಾಯಲ್ಲಿ ಕೇಂಡ್ರೆ ಮುಖದ ಮೇಲೆ ಇಲ್ಲ ಅಂತ್ರಿ. ಬರ್ದ್ ಕೊಟ್ರೆ ನೀವೇ ಓದಿ, ಆಲೋಚ್ನೆ ಮಾಡಿ ಹೇಳ್ತ್ರಿ ಅಂದೇಳಿ..."

"ಈಗ? ನಾಳೆ ಪಟ್ಟ ಅಲ್ದಾ?"

"ಒಂಟಿಯಾಯೇ ತಕಣ್ತೆ ಅಂದೇಳಿ ಹಿರಿಯರಿಗೆ ಹೇಳಿದ್ದೆ." ಅವನು ನೆಲದ ಮೇಲೆ ಬಿದ್ದ ತೋರಣ ನೋಡಿದ. "ಇವತ್ತ್ ಸಂಜೆ ಒಳ್ಗೆ ಬಿಷಪ್ಪರಿಗೆ ಕಡೇ ಮಾತ್ ಹೇಳ್ಕ್. ಪಟ್ಟ ಮುಂದಿನ ವರ್ಷಕ್ಕೂ ಮುಂದೆ ಹಾಕುಲಕ್ಕ್. ಈ ಒಂದ್ ಉತ್ತರ ಮಾತ್ರ ಆಮೇಲೆ ಸಿಕ್ಕುದಿಲ್ಲ."

ನಿಲುವಂಗಿಯ ಜೇಬಿನಿಂದ ಅದೇ ಕಪ್ಪು ರಟ್ಟಿನ ನೋಟುಬುಕ್ಕು ತೆಗೆದ. ಕೊನೆಯ ಹಾಳೆ ಬಿಡಿಸಿ ಅವಳ ಮುಂದೆ ಹಿಡಿದ. ಆ ಹಾಳೆಯಲ್ಲಿ ಒಂದೇ ಸಾಲು ಇತ್ತು.

'ಸುಗುಣಳಿಗೆ ಕೆಂಪು.'

ಸುಗುಣ ಆ ಅಕ್ಷರಗಳನ್ನು ನೋಡಿದಳು. ಈ ಸಲ ಅರ್ಥವನ್ನೂ ಓದಿದಳು.

"ಅಪ್ಪಯ್ಯ ಒಂದ್ ಕೇಂಡಿದ್ರ್," ಎಂದಳು ಕಣ್ಣೊರೆಸಿಕೊಂಡು. "ನಿಮ್ಮಲ್ಲಿ ನಂಗೆ ಹಾಡುಕೆ ಬಿಡ್ತ್ರಾ ಅಂದೇಳಿ."

"ಪಾದ್ರಿ ಹಾಡಿಯೇ ಪ್ರಾರ್ಥನೆ ಮಾಡ್ಕ್, ನಂಗೆ ಸ್ವರವೇ ಇಲ್ಲ ಮಾರಾಯ್ತಿ. ಇಗರ್ಜಿಯಲ್ಲಿ ಎಲ್ರೂ ಬೇಜಾರ್ ಮಾಡ್ಕಂಡಿದ್ರ್. ನೀವ್ ಹಾಡಿ. ಕನ್ನಡದಲ್ಲೇ ಹಾಡಿ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಜೆರೋಮನಿಗೂ ಬಂತು. ಪರಿಚಯವಾಗಿ ಇಷ್ಟು ತಿಂಗಳಾದರೂ ಇಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

"ಇನ್ನೊಂದ್ ಪ್ರಶ್ನೆ ಕೇಂಬುಕಿತ್ತ್," ಎಂದ ಮೆಲ್ಲಗೆ.

"ಥೀಸಿಸ್ಸಿಗಾ?"

"ಅಲ್ಲ. ನಂಗೆ."

"ಕೇಣಿ."

"ನನ್ನ ಮದಿ ಆತ್ರ್ಯಾ?"

ಉತ್ತರ ಹೇಳಲು ಬಾಯಿ ತೆರೆದ ಸುಗುಣ ಅವನ ಕೈ ನೋಡಿ ತಡೆದಳು. ರೂಢಿಯಂತೆ ಅದು ಕಿವಿಯ ಮೇಲಿನ ಪೆನ್ಸಿಲಿನ ಕಡೆ ಹೋಗುತ್ತಿತ್ತು. ಅವಳು ಆ ಕೈಯನ್ನು ಹಿಡಿದುಕೊಂಡಳು.

"ಆತೆ," ಎಂದಳು. "ಇದನ್ನ್ ಬರ್ಕಣುದ್ ಬ್ಯಾಡ. ನೆನ್ಪಿಟ್ಕಣಿ."