ಕೆಳಗಿನ ಪದರಗಳು

ಜಲಾಶಯದ ನಡುವೆ ದೋಣಿ ನಿಂತಿತು. ವಿಜ್ಞಾನಿ ತಸ್ಲೀಮಾ ನದಾಫ ಗುಂಡಿ ಒತ್ತಿದಳು. ಉಕ್ಕಿನ ಕೊಳವೆ ನೀರಿಗಿಳಿದು ತಳದ ಹೂಳನ್ನು ಕೊರೆಯತೊಡಗಿತು. ಹನ್ನೊಂದು ವರ್ಷ ದುಡಿದು ಅವಳು ರೂಪಿಸಿದ ಈ ಯಂತ್ರದ ಹೆಸರು ‘ಹೂಳೋದುಗ’. ಹೂಳಿನ ಕಣದಲ್ಲಿ ಉಳಿದ ವಿಕಿರಣದಿಂದ ಆ ಮಣ್ಣು ಕೊಚ್ಚಿಬಂದ ವರ್ಷವನ್ನೂ, ಖನಿಜ ಮತ್ತು ಬೇರಿನ ಚೂರುಗಳಿಂದ ಯಾವ ಗುಡ್ಡದ್ದೆಂಬುದನ್ನೂ ಹೇಳುತ್ತಿತ್ತು.

ದೋಣಿಯಲ್ಲಿ ಜೊತೆಗಿದ್ದವಳು ನೀಲವ್ವ. ಹನ್ನೆರಡು ವರ್ಷದ ಹಿಂದೆ, ೨೦೪೯ರ ಆಷಾಢದಲ್ಲಿ, ಮಲಪ್ರಭೆಯ ಮೇಲ್ಭಾಗದಲ್ಲಿದ್ದ ಅವಳ ಊರಿನ ಗುಡ್ಡ ಕುಸಿದು, ಗಂಡ ಈರಪ್ಪನನ್ನೂ ಮಗಳು ಕಸ್ತೂರಿಯನ್ನೂ ಹೊಳೆಗೆ ಎಳೆದೊಯ್ದಿತ್ತು. ಹೆಣ ಸಿಗಲಿಲ್ಲ. ಆ ಮಣ್ಣು ಕೂತ ಜಾಗ ತಿಳಿದರೆ ಅಲ್ಲಿ ಎಡೆ ಬಿಡಬೇಕೆಂದು ಬಂದಿದ್ದಳು.

ಪರದೆಯ ಮೇಲೆ ಗೇಣುದ್ದದ ಕೆಂಪು ಪಟ್ಟಿ ಮೂಡಿತು.

“ಇದs ನೋಡವ್ವಾ, ನಿಮ್ಮ ಗುಡ್ಡದ ಮಣ್ಣು.”

ನೀಲವ್ವ ಗಂಟು ಬಿಚ್ಚಿ ಹೋಳಿಗೆ, ಅನ್ನವನ್ನು ನೀರಿಗೆ ಬಿಟ್ಟಳು. ಕೈ ಮುಗಿದು ತಲೆಯೆತ್ತಿದಾಗ ಯಂತ್ರ ಇನ್ನೂ ಓದುತ್ತಿತ್ತು. ಪಟ್ಟಿಯ ಕೆಳಗೆ ಸಣ್ಣ ಸಣ್ಣ ಕೆಂಪು ಗೆರೆಗಳು.

“ಅವು ಯಾರವು ಬಾಯಾರ?”

ತಸ್ಲೀಮಾಗೆ ಸುಳ್ಳು ಹೇಳಲಾಗಲಿಲ್ಲ. “ಅವೂ ನಿಮ್ಮ ಗುಡ್ಡದ್ದs. ಇಪ್ಪತ್ತೈದನೇ ಇಸವಿಯಿಂದ ವರ್ಷಾ ವರ್ಷಾ ಇಳದೈತಿ.”

“ಆವಾಗs ನಾವು ಗಿಡಾ ಕಡದು ಹೊಲಾ ಮಾಡಿದ್ದು,” ಎಂದಳು ನೀಲವ್ವ. “ಹೊಳಿ ಕೆಂಪಗ ಬರೂದು ಕಂಡೀವಿ. ಮಳಿ ಚಲೋ ಆತು ಅಂತ ಖುಷಿಪಟ್ವಿ. ಈ ಮಷೀನು ಆವಾಗಿದ್ದರ ನನ್ನ ಕೂಸು ಉಳೀತಿತ್ತೇನ್ರಿ?”

“ಮಷೀನು ಬೇಕಾಗಿದ್ದಿಲ್ಲವ್ವಾ,” ಎಂದಳು ತಸ್ಲೀಮಾ ಮೆಲ್ಲಗೆ. “ಹೊಳಿ ನೀರು ತುಂಬಿ ಇಡಾಕ ಒಂದು ಗಾಜಿನ ಗ್ಲಾಸು ಸಾಕಿತ್ತು.”

ನೀಲವ್ವ ಎಲ್ಲಕ್ಕಿಂತ ಮೇಲಿನ ಪದರ ಯಾವುದೆಂದು ಕೇಳಿದಳು. ಅದು ಹೋದ ಮಳೆಗಾಲದ್ದು. ಅವಳ ಊರಿನ ಪಕ್ಕದ ಗುಡ್ಡದ ಮಣ್ಣು.

“ಆ ಗುಡ್ಡದ ಕೆಳಗ ಮಂದಿ ಅದಾರೇನು?”

“ನಲವತ್ತು ಮನಿ ಅದಾವು.”

“ನಡೀರಿ, ಹೋಗೂಣು.”

ಮೊದಲ ಮಳೆಗೆ ಹೊಳೆ ಕೆಂಪಾದಾಗ ಇಬ್ಬರೂ ಎಚ್ಚರಿಸಲು ಆ ಊರಿಗೆ ಹೋದರು. ಮಂದಿ ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟರು, ನೀಲವ್ವನ ಕತೆಗೆ ಮರುಗಿದರು. “ಹೊಳಿ ಯಾವತ್ತಿದ್ರೂ ಕೆಂಪಗs ಬರತೈತಿ ಬಿಡವ್ವಾ,” ಅಂದರು ಹಿರಿಯರೊಬ್ಬರು.

ನೀಲವ್ವ ಚಹಾ ಕುಡಿದ ಗ್ಲಾಸನ್ನು ತೊಳೆದು, ಹೊಳೆಯ ನೀರು ತುಂಬಿ ಅವರೆದುರು ಇಟ್ಟಳು.

ಹೊಲದ ಕೆಲಸವಿತ್ತು, ಒಬ್ಬೊಬ್ಬರಾಗಿ ಎದ್ದು ಹೋದರು. ತಾಸೊಂದು ಕಳೆದಾಗ ನೀರು ತಿಳಿಯಾಗಿ, ತಳದಲ್ಲಿ ಉಗುರಿನಷ್ಟು ದಪ್ಪದ ಕೆಂಪು ಮಣ್ಣು ಕೂತಿತ್ತು. ನೋಡಲು ಉಳಿದವರು ಅವರಿಬ್ಬರೇ.