ಹೊಗೆ ಕೊಳವೆಗೆ ಕಟ್ಟಿದ ಕರವಸ್ತ್ರ

ಆಸ್ಪತ್ರೆಯ ಹನ್ನೆರಡನೇ ಬಿಳಿ ಚಾದರವನ್ನು ಕೊಡವಿ ಹಗ್ಗಕ್ಕೆ ಹಾಕುವಷ್ಟರಲ್ಲೇ ಮೊದಲನೆಯದರ ಅಂಚಿಗೆ ಮಸಿ ಕೂತಿತ್ತು. ಲಾಂಡ್ರಿಯವಳು ಅದನ್ನೆಳೆದು ಮತ್ತೆ ಬಕೆಟ್ಟಿಗೆ ಹಾಕಿದಳು. ಉಗುಳಿದರೆ ಕಪ್ಪು, ಮೂಗು ಒರೆಸಿದರೆ ಕಪ್ಪು. ಬೇಲಿಯಾಚೆ ಟ್ಯಾಕ್ಸಿ ನಿಲ್ದಾಣ. ಗಿರಾಕಿ ಬರುವ ತನಕ ಕಾರುಗಳೆಲ್ಲ ಎಂಜಿನ್ ಆರಿಸದೆ ಗುರುಗುಟ್ಟುತ್ತ ಹೊಗೆ ಕಾರುತ್ತಿದ್ದವು.

ಆ ಹೊಲಸಿನ ನಡುವೆಯೇ ಒಬ್ಬ ಟ್ಯಾಕ್ಸಿ ಚಾಲಕ ಅವಳನ್ನು ಮೆಚ್ಚಿದ್ದ. ಎದುರಿಗೆ ಹೇಳಲು ನಾಲಿಗೆ ಏಳದೆ, ಹತ್ತು ಹೆಜ್ಜೆ ದೂರದಿಂದ ಅಂಚೆಯಲ್ಲಿ ಕಾಗದ ಹಾಕಿದ್ದ: ‘ನನ್ನನ್ನು ಮದುವೆಯಾಗುತ್ತೀರಾ?’

ಅವಳು ಆ ವಾರವೇ ‘ಹೂಂ’ ಎಂದು ಬರೆದಿದ್ದಳು. ಆದರೆ ಲಕೋಟೆ ಎಂಟು ತಿಂಗಳಿಂದ ಇಸ್ತ್ರಿ ಮೇಜಿನ ಕಂಬಳಿಯ ಕೆಳಗೇ ಇತ್ತು. ಅವನ ಮುದಿ ಪೆಟ್ರೋಲ್ ಕಾರು ಕೆಮ್ಮಿದಾಗಲೆಲ್ಲ ಮನಸ್ಸು ಹಿಂದೇಟು ಹಾಕುತ್ತಿತ್ತು. ತಾನು ತೊಳೆದದ್ದನ್ನೆಲ್ಲ ಕೊಳೆ ಮಾಡುವವನ ಜೊತೆ ಬಾಳುವುದಾದರೂ ಹೇಗೆ?

“ನಿನ್ನ ಮಸಿರಾಯ ಬೇಲಿ ಹತ್ರ ನಿಂತಿದಾನೆ ನೋಡೇ,” ಪಕ್ಕದಲ್ಲಿ ಬಟ್ಟೆ ಹಿಂಡುತ್ತಿದ್ದ ಅವಳ ಚಿಕ್ಕಮ್ಮ ಕಿಸಕ್ಕನೆ ನಕ್ಕಳು.

“ಯಾವಾಗ ಬಂದ್ರು? ಸದ್ದೇ ಕೇಳ್ಲಿಲ್ಲ!”

ಅವನ ಪಕ್ಕದಲ್ಲಿ ಬೇರೆ ಕಾರು. “ಹೈಬ್ರಿಡ್ ರೀ. ಹಳೇದನ್ನ ಕೊಟ್ಟು ತಗೊಂಡೆ. ನಿಂತ್ರೆ ಎಂಜಿನ್ ತಾನೇ ಆರತ್ತೆ. ನಿಧಾನಕ್ಕೆ ಹೋಗ್ವಾಗ ಬ್ಯಾಟರಿ. ಬ್ರೇಕ್ ಒತ್ತಿದ್ರೆ ಅದಕ್ಕೇ ಚಾರ್ಜು.”

“ಮಾತಲ್ಲಿ ಎಲ್ಲಾ ಬೆಳ್ಳಗೇ ಇರತ್ತೆ.” ಅವಳು ಒಗೆದ ಕರವಸ್ತ್ರವೊಂದನ್ನು ಹೊಗೆ ಕೊಳವೆಯ ಬಾಯಿಗೆ ಸಡಿಲವಾಗಿ ಕಟ್ಟಿದಳು. “ಒಂದು ಸುತ್ತು ಹೊಡ್ಕೊಂಡು ಬನ್ನಿ.”

ಅವನು ತಿರುಗಿ ಬಂದಾಗ ಬಟ್ಟೆಯ ನಡುವೆ ತೆಳ್ಳನೆಯ ಬೂದು ಕಲೆ. ಅವಳು ಮೂಗು ಮುರಿದಳು. “ಥೂ! ಇದೇನಿದು?”

ಅವನ ಕಿವಿ ಕೆಂಪಾಯಿತು. “ಇದೂ ಪೆಟ್ರೋಲ್ ಕುಡಿಯತ್ತೆ ರೀ. ಮೊದ್ಲಿನದರ ಅರ್ಧದಷ್ಟು. ದೊಡ್ಡ ರಸ್ತೇಲಿ ಹೊಗೇನೂ ಬಿಡತ್ತೆ. ಪೂರ್ತಿ ಬಿಳಿ ಅಂತ ನಿಮ್ಮ ಹತ್ರ ಹೇಗೆ ಸುಳ್ಳು ಹೇಳ್ಲಿ?”

ಅವಳು ಬಕೆಟ್ಟಿನ ನೊರೆಯಲ್ಲಿ ಕರವಸ್ತ್ರವನ್ನು ಉಜ್ಜಿದಳು. ಹಳೇ ಕಾರಿನ ಮಸಿ ಮೂರು ಒಗೆತಕ್ಕೂ ಜಗ್ಗುತ್ತಿರಲಿಲ್ಲ. ಇದು ಒಂದೇ ಉಜ್ಜಿಗೆ ಬಿಟ್ಟುಕೊಟ್ಟಿತು. ಓರೆಗಣ್ಣಲ್ಲಿ ನೋಡಿದರೆ ಅವನು ಉಸಿರು ಬಿಗಿಹಿಡಿದು ನಿಂತಿದ್ದ.

ಅವಳು ಒಳಗೆ ಹೋಗಿ, ಇಸ್ತ್ರಿಯ ಕಾವಿಗೆ ಕಂದಿದ ಲಕೋಟೆ ತಂದು, ಅವನನ್ನು ದಾಟಿಕೊಂಡು ನಡೆದಳು.

“ಎಲ್ಲಿಗೆ? ಡ್ರಾಪ್ ಕೊಡ್ಲಾ?”

“ಬೇಡ. ನಿಮ್ಮ ಅಡ್ರೆಸ್ ಹಳೇದೇ ತಾನೆ?”

ಅವನು ಕತ್ತು ಚಾಚಿ ಲಕೋಟೆಯ ಮೇಲೆ ತನ್ನ ಹೆಸರು ಓದಿದ.

“ಅಂಚೇಲಿ ಕೇಳಿದ್ದಕ್ಕೆ ಅಂಚೇಲೇ ಉತ್ತರ. ನಾಡಿದ್ದು ಬರತ್ತೆ. ಅಷ್ಟರಲ್ಲಿ ಆ ನಿಮ್ಮ ಗೆಳೆಯರಿಗೂ ಎಂಜಿನ್ ಆರಿಸೋಕೆ ಹೇಳಿ. ಹೇಸಿಗೆ!”

ಮೂಲೆಯ ಕೆಂಪು ಡಬ್ಬದ ಬಾಯಿಗೆ ಲಕೋಟೆ ತುರುಕಿ, ಅದು ತಳ ಮುಟ್ಟಿದ ಸದ್ದು ಕೇಳುವವರೆಗೂ ಅವಳು ಅಲ್ಲೇ ನಿಂತಳು.