ತಂತಿಯ ಆಚೆ, ಕೂದಲೆಳೆಯಷ್ಟು

“ಹೋಯ್ತು! ಮತ್ತೆ ಹೊರಗೆ!” ಪಕ್ಕದ ಸೀಟಿನ ಟೋಪಿ ತಾತ ತೊಡೆ ತಟ್ಟಿಕೊಂಡರು. “ಡಬಲ್ ಹದಿನಾರಕ್ಕೆ ಇದು ಎಂಟನೇ ಡಾರ್ಟು. ಒಂದಾದ್ರೂ ಬೀಳ್ಬಾರ್ದಾ? ಏನಾಗಿದೆ ಈಯಮ್ಮನಿಗೆ?”

ಈಯಮ್ಮ ಬೇರೆ ಯಾರೂ ಅಲ್ಲ, ಗುಂಡಿಯ ಅಮ್ಮ.

ಗುಂಡಿಗೆ ಹತ್ತು ವರ್ಷ. ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳಿಗೂ ಒಂದು ಚೆಂದದ ಹೆಸರಿದೆ. ಆದರೆ ಅವಳಪ್ಪ ದರ್ಜಿ. ಹುಟ್ಟಿದಾಗ ಅವಳ ಮೂಗು ಅಂಗಿಯ ಗುಂಡಿಯಷ್ಟೇ ಇತ್ತಂತೆ. ಅವತ್ತಿನಿಂದ ಅವಳು ಗುಂಡಿ. ಮೂಗು ಬೆಳೆದರೂ ಹೆಸರು ಬದಲಾಗಲಿಲ್ಲ.

ವೇದಿಕೆಯ ಮೇಲೆ ಅಮ್ಮನ ಎದುರಾಳಿ ಗೆರೆಯ ಹಿಂದೆ ಬಂದು ನಿಂತಳು. ಎತ್ತರದ ಹೆಂಗಸು. ಟಿಕ್, ಟಿಕ್, ಟಿಕ್ ಎಂದು ಒಂದೇ ಸಮನೆ ಎಸೆಯುತ್ತಾಳೆಂದು ಎಲ್ಲರೂ ಅವಳನ್ನು ‘ಗಡಿಯಾರ’ ಎನ್ನುತ್ತಾರೆ. ಈ ಸಲ ಅವಳಿಗೆ ಒಂದೇ ಟಿಕ್ ಸಾಕಾಯಿತು. ಸುತ್ತು ಮುಗಿಯಿತು. ಗಡಿಯಾರ ಮೂರು, ಅಮ್ಮ ಒಂದು. ಆ ಒಂದನ್ನೂ ಅಮ್ಮ ಗೆದ್ದದ್ದು ಹದಿನಾರರಲ್ಲಿ ಅಲ್ಲ.

ಡಾರ್ಟ್ಸ್ ಆಟದ ಲೆಕ್ಕ ಉಲ್ಟಾ. ಐನೂರ ಒಂದರಿಂದ ಶುರು ಮಾಡಿ, ಹೊಡೆದಷ್ಟನ್ನು ಕಳೆಯುತ್ತಾ ಸೊನ್ನೆಗೆ ಇಳಿಯಬೇಕು. ಒಂದು ಸರದಿಗೆ ಮೂರು ಡಾರ್ಟು. ಕೊನೆಯ ಡಾರ್ಟು ಬೋರ್ಡಿನ ಅಂಚಿನಲ್ಲಿರುವ ಸಣ್ಣ ಪಟ್ಟಿಗೇ ಬೀಳಬೇಕು. ಬೆರಳಿಗಿಂತ ಕಿರಿದಾದ ಪಟ್ಟಿ ಅದು. ಅಲ್ಲಿ ಬಿದ್ದರೆ ಅಂಕಿ ಡಬಲ್. ಮೂವತ್ತೆರಡು ಉಳಿದಿದ್ದರೆ ಡಬಲ್ ಹದಿನಾರು ಹೊಡೆಯಬೇಕು, ಇಪ್ಪತ್ತು ಉಳಿದಿದ್ದರೆ ಡಬಲ್ ಹತ್ತು. ಹೀಗೆ ಮೊದಲು ಐದು ಸುತ್ತು ಮುಗಿಸಿದವರು ಗೆದ್ದ ಹಾಗೆ.

ಇವತ್ತು ಸೋತರೆ ದೊಡ್ಡ ಪಂದ್ಯಗಳಲ್ಲಿ ಆಡಿ ಸಂಪಾದಿಸಲು ಬೇಕಾದ ಅಮ್ಮನ ಪ್ರೊಫೆಶನಲ್ ಕಾರ್ಡು ಹೋಗುತ್ತದೆ. ಮತ್ತೆ ಲಾಂಡ್ರಿಯ ರಾತ್ರಿ ಪಾಳಿ. ಹಗಲೆಲ್ಲ ಮಲಗುವ ಅಮ್ಮ, ಬಾಗಿಲ ಮೇಲೆ ‘ಶ್!’ ಎಂದು ಬರೆದು ಅಂಟಿಸಿದ ಚೀಟಿ. ಗುಂಡಿಗೆ ಆ ಚೀಟಿ ಕಂಡರಾಗುವುದಿಲ್ಲ.

“ಇವತ್ತು ಅವಳ ಕೈಗೇ ಏನೋ ಆಗಿದೆ,” ಅಪ್ಪ ಮೆಲ್ಲಗೆ ಹೇಳಿದ.

ಅಮ್ಮನ ಕೈಗೆ ಏನೂ ಆಗಿಲ್ಲವೆಂದು ಆ ಇಡೀ ಹಾಲಿನಲ್ಲಿ ಗೊತ್ತಿದ್ದದ್ದು ಗುಂಡಿಯೊಬ್ಬಳಿಗೆ.

ಮೂರು ತಿಂಗಳ ಹಿಂದಿನ ಮಾತು. ಒಂದು ಟೂರ್ನಮೆಂಟಿನಲ್ಲಿ ಸೋತು ಬಂದ ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಪ್ರಾಕ್ಟೀಸಿಗೆ ನಿಂತಳು. ಅವರ ಬೋರ್ಡು ಇರುವುದು ಅಪ್ಪ ಬಟ್ಟೆ ಹೊಲಿಯುವ ಕೋಣೆಯಲ್ಲಿ. ಅಮ್ಮ ಮೂರು ಡಾರ್ಟು ಎಸೆದ ಮೇಲೆ ಗುಂಡಿ ಬೀರುವಿನ ಮರೆಯಿಂದ ಬಂದು, ಹತ್ತಿರದಿಂದ ನೋಡಿ, ‘ಒಳಗೆ’ ಅಥವಾ ‘ಹೊರಗೆ’ ಎಂದು ಕೂಗಿ, ಡಾರ್ಟು ಕಿತ್ತು ಕೊಡಬೇಕು. ನೋಟ್‌ಬುಕ್ಕಿನಲ್ಲಿ ಬರೆಯುವವಳೂ ಅವಳೇ. ಪಟ್ಟಿಯ ಸುತ್ತ ಸಣ್ಣ ತಂತಿ ಇರುತ್ತದೆ. ಡಾರ್ಟು ಆ ತಂತಿಗೆ ಒತ್ತಿಕೊಂಡು ನಿಂತರೆ ದೂರದಲ್ಲಿರುವ ಅಮ್ಮನಿಗೆ ಕಾಣುವುದಿಲ್ಲ. ಗುಂಡಿ ಹೇಳಿದ್ದೇ ಖಾತ್ರಿ.

ಅವತ್ತು ಡಬಲ್ ಹದಿನಾರಕ್ಕೆ ಎಸೆದ ಡಾರ್ಟು ತಂತಿಯಿಂದ ಒಂದು ಕೂದಲೆಳೆ ಆಚೆಗಿತ್ತು. ಗುಂಡಿ ಅಮ್ಮನ ಬಾಡಿದ ಮುಖ ನೋಡಿದಳು. “ಒಳಗೆ!” ಎಂದುಬಿಟ್ಟಳು.

ಅಮ್ಮ ನಕ್ಕಳು. ಸೋತು ಬಂದ ಮೇಲೆ ಮೊದಲ ಸಲ ನಕ್ಕಿದ್ದಳು.

ಆ ನಗು ಎಷ್ಟು ಚೆನ್ನಾಗಿತ್ತೆಂದರೆ, ಮಾರನೇ ದಿನವೂ ಗುಂಡಿ ಹೊರಗೆ ಬಿದ್ದ ಎರಡು ಡಾರ್ಟನ್ನು ಒಳಗಿನ ಲೆಕ್ಕಕ್ಕೆ ಸೇರಿಸಿದಳು. ಆಮೇಲೆ ನಾಲ್ಕು. ಆಮೇಲೆ ಅದು ಹಲ್ಲುಜ್ಜಿದಷ್ಟು ಸಲೀಸಾಯಿತು. ಈಗ ನೋಟ್‌ಬುಕ್ಕಿನಲ್ಲಿ ಡಬಲ್ ಹದಿನಾರರ ಮುಂದೆ ‘ನೂರಕ್ಕೆ ಐವತ್ತೆಂಟು’ ಎಂದಿದೆ. ಬೇರೆ ಯಾವ ಡಬಲ್ಲಿಗೂ ಅಷ್ಟಿಲ್ಲ. ಅದನ್ನು ನಂಬಿಯೇ ಅಮ್ಮ ಇವತ್ತು ಎಲ್ಲ ಸುತ್ತಿನಲ್ಲೂ ಹದಿನಾರನ್ನೇ ಹುಡುಕಿಕೊಂಡು ಹೋಗುತ್ತಿದ್ದಾಳೆ.

“ಹತ್ತು ನಿಮಿಷ ಬ್ರೇಕ್!” ಮೈಕು ಕೂಗಿತು.

“ಅಪ್ಪಾ, ನಾನು ಅಮ್ಮನ ಹತ್ರ ಹೋಗ್ಬೇಕು.”

“ಈಗ ಬೇಡ ಪುಟ್ಟಾ, ಅವಳಿಗೆ ಡಿಸ್ಟರ್ಬ್...”

“ಈಗಲೇ ಹೋಗ್ಬೇಕು!” ಅಷ್ಟರಲ್ಲಿ ಗುಂಡಿ ಮೆಟ್ಟಿಲು ಇಳಿದಾಗಿತ್ತು.

ವೇದಿಕೆಯ ಹಿಂದಿನ ಕೋಣೆಯಲ್ಲಿ ಅಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು, ಅಂಗಡಿಯಲ್ಲಿ ಚಪ್ಪಲಿ ನೋಡುವ ಹಾಗೆ. ತೊಡೆಯ ಮೇಲೆ ನೋಟ್‌ಬುಕ್ಕು ತೆರೆದಿತ್ತು.

“ನೋಡು ಗುಂಡಿ, ಇಲ್ಲಿ ಐವತ್ತೆಂಟಿದೆ. ಅಲ್ಲಿ ಎಂಟಕ್ಕೆ ಒಂದೂ ಇಲ್ಲ. ನನ್ನ ಕೈ ಕೆಟ್ಟೋಗಿದೆ ಕಣೇ. ಮುಗೀತು ನನ್ ಕತೆ.”

ಗುಂಡಿ ಬಾಗಿಲಲ್ಲೇ ನಿಂತಳು. ಹೇಳಿದರೆ ಅಮ್ಮ ಇನ್ನು ಯಾವತ್ತೂ ತನ್ನನ್ನು ಬೋರ್ಡಿನ ಹತ್ತಿರ ಸೇರಿಸುವುದಿಲ್ಲ. ಹೇಳದಿದ್ದರೆ?

“ಕೈ ಕೆಟ್ಟಿಲ್ಲಮ್ಮಾ,” ಅಂದಳು. “ಲೆಕ್ಕ ಕೆಟ್ಟಿದೆ. ಐವತ್ತೆಂಟು ಸುಳ್ಳು. ತಂತಿ ಆಚೆ ಬಿದ್ದಿದ್ನೂ ನಾನು ಒಳಗೆ ಅಂತಿದ್ದೆ.”

ಅಮ್ಮ ತಲೆಯೆತ್ತಿದಳು. “ಎಷ್ಟು ದಿನದಿಂದ?”

“ಅವತ್ತು ನೀನು ಊಟ ಬಿಟ್ಟಿದ್ಯಲ್ಲ... ಆವಾಗಿಂದ.”

ಗೋಡೆಯ ಫ್ಯಾನು ಒಂದು ಸಲ ಆ ಕಡೆಗೆ ತಿರುಗಿತು, ಒಂದು ಸಲ ಈ ಕಡೆಗೆ. ಅಮ್ಮ ನೋಟ್‌ಬುಕ್ಕಿನ ಪುಟವನ್ನೇ ನೋಡಿದಳು. ಬೈದಿದ್ದರೇ ವಾಸಿ ಅನ್ನಿಸಿತು ಗುಂಡಿಗೆ.

“ಅಂದ್ರೆ,” ಅಮ್ಮ ನಿಧಾನವಾಗಿ ಅಂದಳು, “ನನ್ನ ಕೈಗೆ ಏನೂ ಆಗಿಲ್ಲ?”

“ಏನೂ ಆಗಿಲ್ಲ.”

“ಹದಿನಾರು ನಂಗೆ ಯಾವತ್ತೂ ಬರ್ತಾನೇ ಇರ್ಲಿಲ್ಲ?”

“ಅಷ್ಟಕ್ಕಷ್ಟೇ.”

ಅಮ್ಮ ಕುರ್ಚಿಗೆ ಒರಗಿ, ದೊಡ್ಡ ಉಸಿರು ಬಿಟ್ಟು, ನಗತೊಡಗಿದಳು. ಹೋದ ಜೀವ ಬಂದವರ ಹಾಗೆ ನಕ್ಕಳು. “ಅಯ್ಯೋ ಕಳ್ಳೀ! ನಾನಿಲ್ಲಿ ನಾಳೆ ಯಾವ ಡಾಕ್ಟರಿಗೆ ಕೈ ತೋರಿಸ್ಲಿ ಅಂತ ಯೋಚಿಸ್ತಿದ್ದೆ!” ನಗು ನಿಂತ ಮೇಲೆ ಕಣ್ಣೊರೆಸಿಕೊಂಡು ಕೇಳಿದಳು, “ಸರಿ, ಇದ್ರಲ್ಲಿ ನಿಜ ಯಾವುದು?”

“ಡಬಲ್ ಹತ್ತು. ನೂರಕ್ಕೆ ನಲವತ್ತೊಂಬತ್ತು. ಅದ್ರಲ್ಲಿ ಒಂದೂ ಸೇರಿಸಿಲ್ಲ.”

“ಅದಕ್ಕೆ ಮಾತ್ರ ಯಾಕೆ ಸೇರಿಸ್ಲಿಲ್ಲ?”

“ಅದನ್ನ ನೀನು ಕೊನೇಲಿ ಹೊಡೀತಿದ್ದೆ. ಅಷ್ಟೊತ್ತಿಗೆ ನಿನ್ನ ಮುಖ ಸರಿಯಾಗಿರ್ತಿತ್ತು.”

ಅಮ್ಮ ಅವಳನ್ನೇ ನೋಡಿದಳು. ಹೊರಗೆ ಗಂಟೆ ಬಾರಿಸಿದರು. “ಬೈಯೋದು ಬಾಕಿ ಇದೆ, ಮನೆಗೆ ಹೋದ್ಮೇಲೆ ಬೈತೀನಿ,” ಎಂದು ಅವಳ ಮೂಗು ಹಿಂಡಿ, ಡಾರ್ಟು ಎತ್ತಿಕೊಂಡು ಹೊರಟಳು.

ಆಮೇಲಿನ ಆಟವೇ ಬೇರೆ. ಅಮ್ಮ ಸತತವಾಗಿ ಎರಡು ಸುತ್ತು ಗೆದ್ದಳು. ಗಡಿಯಾರ ಒಂದು ಗೆದ್ದಳು. ಅಮ್ಮ ಮತ್ತೊಂದು ಗೆದ್ದಳು. ನಾಲ್ಕು, ನಾಲ್ಕು. ಟೋಪಿ ತಾತ ಟೋಪಿ ತೆಗೆದು ಕೈಯಲ್ಲಿ ಹಿಡಿದು ಹಿಂಡತೊಡಗಿದರು. ಅಪ್ಪ ತನ್ನ ಅಂಗಿಯ ತೋಳಿನ ದಾರ ಎಳೆದೆಳೆದು ಅರ್ಧ ಹೊಲಿಗೆ ಬಿಚ್ಚಿಹಾಕಿದ್ದ, ದರ್ಜಿಯಾಗಿ!

ಕೊನೆಯ ಸುತ್ತು. ಗಡಿಯಾರಕ್ಕೆ ಬರೀ ಎಂಟು ಉಳಿದಿತ್ತು. ಇನ್ನೊಂದು ಸರದಿ ಸಿಕ್ಕರೆ ಅವಳು ಬಿಡುವವಳಲ್ಲ. ಅಮ್ಮನಿಗೆ ಮೂವತ್ತೇಳು ಉಳಿದಿತ್ತು. ಕೈಯಲ್ಲಿ ಮೂರು ಡಾರ್ಟು.

“ಐದು ಹೊಡೀತಾಳೆ ನೋಡು,” ತಾತ ಪಿಸುಗುಟ್ಟಿದರು. “ಮೂವತ್ತೆರಡು ಉಳಿಯುತ್ತೆ. ಮತ್ತೆ ಅದೇ ಹಾಳು ಹದಿನಾರು.”

ಅಮ್ಮ ಐದಕ್ಕೆ ಹೊಡೆಯಲಿಲ್ಲ. ಹದಿನೇಳಕ್ಕೆ ಹೊಡೆದಳು.

“ಇಪ್ಪತ್ತು ಉಳೀತು!” ತಾತ ಎದ್ದೇ ನಿಂತರು. “ಡಬಲ್ ಹತ್ತು! ಇದೆಲ್ಲಿಂದ ಬಂತಪ್ಪಾ?”

ಗುಂಡಿಗೆ ಗೊತ್ತಿತ್ತು ಎಲ್ಲಿಂದ ಬಂತೆಂದು.

ಎರಡನೇ ಡಾರ್ಟು ಹಾರಿ ತಂತಿಗೆ ಒತ್ತಿಕೊಂಡು ನಿಂತಿತು. ಹಾಲ್ ಪೂರ್ತಿ “ಹೋ!” ಎಂದಿತು. ಬಿತ್ತು ಎಂದರು ಕೆಲವರು, ಇಲ್ಲ ಎಂದರು ಕೆಲವರು. ಅಮ್ಮ ಗೆರೆಯ ಹಿಂದೆ ನಿಂತಲ್ಲಿಂದಲೇ ಕತ್ತು ತಿರುಗಿಸಿದಳು. ಪಕ್ಕದಲ್ಲಿ ಅಂಕ ಹೇಳುವ ಕೋಟಿನವರಿದ್ದರು, ಮೇಲೆ ಗೋಡೆಯಷ್ಟು ದೊಡ್ಡ ಪರದೆಯಿತ್ತು. ಅಮ್ಮ ನೋಡಿದ್ದು ಅವೆರಡನ್ನೂ ಅಲ್ಲ. ಮನೆಯಲ್ಲಿ ಬೀರುವಿನ ಕಡೆ ನೋಡುವ ಹಾಗೆ, ಮೂರನೇ ಸಾಲಿನಲ್ಲಿದ್ದ ಗುಂಡಿಯ ಕಡೆ ನೋಡಿದಳು.

ಪರದೆಯ ಮೇಲೆ ಡಾರ್ಟಿನ ಮೊನೆ ದೊಡ್ಡದಾಗಿ ಕಾಣುತ್ತಿತ್ತು. ಗುಂಡಿ ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ತಲೆ ಅಲ್ಲಾಡಿಸಿದಳು. ಹೊರಗೆ.

ಅಮ್ಮ ಸರಿ ಎಂಬಂತೆ ತಲೆದೂಗಿ ಬೋರ್ಡಿಗೆ ತಿರುಗಿದಳು. ಮೂರನೆಯದನ್ನು ಎಸೆದಳು.

ಅದು ಪಟ್ಟಿಯ ನಟ್ಟನಡುವೆ ನಾಟಿತ್ತು. ಯಾರನ್ನೂ ಕೇಳುವ ಅಗತ್ಯವಿರಲಿಲ್ಲ. ತಾತ ಟೋಪಿ ಮೇಲಕ್ಕೆಸೆದರು, ಅದು ಯಾರದೋ ಬೋಳುತಲೆಯ ಮೇಲೆ ಕೂತಿತು. ಅಪ್ಪ ಅಳುತ್ತಾ ನಗುತ್ತಾ ಗುಂಡಿಯನ್ನು ಎತ್ತಿಕೊಂಡ. ಹತ್ತು ವರ್ಷದವಳನ್ನು, ಎಲ್ಲರೆದುರಿಗೆ! ಗುಂಡಿ ಬೇಡ ಅನ್ನಲಿಲ್ಲ.

ಮನೆಗೆ ಹೋಗುವ ಬಸ್ಸಿನಲ್ಲಿ ಸಂಜೆ ಬಿಸಿಲು ಮಡಿಲಿಗೆ ಬೀಳುತ್ತಿತ್ತು. ಅಮ್ಮ ಕಿಟಕಿಗೆ ತಲೆಯಾನಿಸಿ, ಬ್ಯಾಗಿನಿಂದ ನೋಟ್‌ಬುಕ್ಕು ತೆಗೆದು ಗುಂಡಿಯ ಕೈಗೆ ಕೊಟ್ಟಳು.

“ನಾನೇ ಬರೀಲಾ?”

“ಮತ್ತಿನ್ಯಾರು ಬರೀತಾರೆ?”

ಗುಂಡಿ ಹೊಸ ಪುಟ ತೆರೆದಳು. ‘ಡಬಲ್ ಹದಿನಾರು. ಎಂಟಕ್ಕೆ’ ಎಂದು ಬರೆದು ಸ್ವಲ್ಪ ತಡೆದಳು. ಆಮೇಲೆ ಸೊನ್ನೆ ಹಾಕಿದಳು. ದುಂಡಗೆ, ಸ್ಪಷ್ಟವಾಗಿ.

“ಬರೆದ್ಯಾ?” ಅಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದಳು.

“ಹ್ಞೂಂ. ಬರೆದೆ.”

“ಸರಿ,” ಎಂದಳು ಅಮ್ಮ. ಪುಟ ತೋರಿಸು ಎನ್ನಲಿಲ್ಲ. ಕಣ್ಣನ್ನೂ ತೆರೆಯಲಿಲ್ಲ. ಮುಂದಿನ ಸ್ಟಾಪು ಬರುವಷ್ಟರಲ್ಲಿ ಅವಳಿಗೆ ನಿದ್ದೆ ಬಂದಿತ್ತು.

ಗುಂಡಿ ನೋಟ್‌ಬುಕ್ಕು ಮುಚ್ಚಿ, ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡು ಕೂತಳು.